ಹ್ಞೂಂ ಅಂದವರು ಯಾರು?

"ಆಶಮ್ಮ, ಹ್ಞೂಂ ಅನಬ್ಯಾಡ ಅಂತ ಹೇಳಿದ್ನಿಲ್ಲ? ನಡುವ ನೀ ಹ್ಞೂಂ ಅಂದ್ರ ಫೋನಿನಾಗಿನ ಮಾತು ಕೇಳಂಗಿಲ್ಲವ್ವ."

"ನಾ ಎಲ್ಲಿ ಅಂದೀನ್ರಿ ಅಮ್ಮಾರ? ಸೆರಗು ಬಾಯಾಗ ಇಟ್ಕೊಂಡು ಕುಂತೀನಿ, ನೋಡ್ರಿ."

ನೋಡಿದೆ. ಮುದುಕಿ ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೂತಿದ್ದಳು. ಆ ಬಾಯಿಂದ ಹ್ಞೂಂ ಹೊರಡುವುದು ಸಾಧ್ಯವಿರಲಿಲ್ಲ.

ನಾನು ರೆಕಾರ್ಡಿಂಗನ್ನು ತುಸು ಹಿಂದಕ್ಕೆ ಎಳೆದು ಮತ್ತೆ ಹಚ್ಚಿದೆ. ವಾಣಿಶ್ರೀಯ ದನಿ ಬಂತು.

"ಕುರಿ ಹೊಳಿ ದಾಟಿತು. ಆಚಿ ದಂಡ್ಯಾಗ ನಿಂತು ಮೈ ಝಾಡಿಸಿತು."

"ಹ್ಞೂಂ."

ಈ ಸಲ ನಾನು ಆಶಮ್ಮನ ಮುಖವನ್ನೇ ನೋಡುತ್ತಿದ್ದೆ. ಅವಳ ತುಟಿ ಅಲುಗಲಿಲ್ಲ. ಹ್ಞೂಂ ಬಂದದ್ದು ಫೋನಿನ ಒಳಗಿನಿಂದ.

ಹಿಂದಿನದನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ದಾಮರಗಿದ್ದದ ಹದಿನಾರರ ಹುಡುಗಿ ವಾಣಿಶ್ರೀ ನಾರಾಯಣಪೇಟೆಯ ಬೇಸಿಗೆ ಶಿಬಿರದಿಂದ ಮೊನ್ನೆ ಮಧ್ಯಾಹ್ನ ಕಾಣೆಯಾಗಿದ್ದಳು, ಅವಳ ದಿಂಬಿನ ಕೆಳಗೆ ಸಿಕ್ಕ ಫೋನಿನಲ್ಲಿ ಅವಳೇ ಹೇಳಿ ಅರ್ಧಕ್ಕೆ ಬಿಟ್ಟ ಒಂದು ಕಥೆಯಿತ್ತು. ನಾನು ವೀರಬಸಮ್ಮ, ಮಕ್ತಲದವಳು. ಪೊಲೀಸ್ ಕೆಲಸದಿಂದ ನಿವೃತ್ತಳಾದ ಮೇಲೆ ಕಳೆದುಹೋದವರನ್ನು ಹುಡುಕಿಕೊಡುವ ಕೆಲಸ ಹಿಡಿದಿದ್ದೇನೆ. ನನ್ನನ್ನು ಕರೆಸಿದವಳು ಹುಡುಗಿಯ ತಾಯಿ ಅನುರಾಧಾ. ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವಳು ಇವತ್ತು ಬಸ್ಸು ಹತ್ತಿದ್ದಾಳೆ. ಸಂಜೆಗೆ ಇಲ್ಲಿರುತ್ತಾಳೆ. ಅವಳು ಬಂದು "ನನ್ನ ಮಗಳೆಲ್ಲಿ" ಎಂದು ಕೇಳುವ ಮೊದಲು ನನಗೆ ಏನಾದರೂ ಸುಳಿವು ಸಿಗಬೇಕು.

"ಸಾಕು ಬಂದ್ ಮಾಡ್ರಿ ಅಮ್ಮಾರ," ಎಂದಳು ಆಶಮ್ಮ. "ಮತ್ತ ಮತ್ತ ಎಷ್ಟು ಸಲ ಕೇಳ್ತೀರಿ?"

ಅಜ್ಜಿಯ ಸಂಕಟ ನನಗೆ ಅರ್ಥವಾಯಿತು. ತಾಯಿ ಊರೂರು ದುಡಿಯಲು ಹೋದ ಮೇಲೆ ಆ ಹುಡುಗಿಯನ್ನು ಸಾಕಿದವಳು ಇವಳೇ. ಆದರೂ ಬಂದ್ ಮಾಡಲಿಲ್ಲ. ಮೊದಲಿನಿಂದ ಹಚ್ಚಿದೆ.

"ಒಂದೂರಾಗ ಒಂದು ಕರಿ ಕುರಿ ಇತ್ತು. ಅದರ ಮರಿ ಸತ್ತಿತ್ತು."

"ಹ್ಞೂಂ."

ಇಲ್ಲೂ ಇತ್ತು. ಮೆಲ್ಲಗೆ, ಫೋನಿನಿಂದ ತುಸು ದೂರದಲ್ಲಿ. ಮೂರು ಸಲ ಕೇಳಿಯೂ ನನಗೆ ಇದು ಗೊತ್ತಾಗಿರಲಿಲ್ಲ. ಯಾಕೆ ಗೊತ್ತಾಗಲಿಲ್ಲವೆಂದರೆ, ನಮ್ಮ ಕಿವಿಗೆ ಕಥೆಯೊಳಗಿನ ಹ್ಞೂಂ ಕಥೆಯದೇ ಒಂದು ಭಾಗ. ಅನ್ನ ತಿನ್ನುವಾಗ ಉಪ್ಪು ಯಾರು ಹಾಕಿದರೆಂದು ಯಾರಾದರೂ ಕೇಳುತ್ತಾರೆಯೇ?

ನಮ್ಮ ಕಡೆ ಕಥೆಗೆ ಎರಡು ಬಾಯಿ ಬೇಕು. ಒಂದು ಹೇಳುವ ಬಾಯಿ, ಇನ್ನೊಂದು ಹ್ಞೂಂ ಅನ್ನುವ ಬಾಯಿ. ಹ್ಞೂಂ ನಿಂತರೆ ಕಥೆಯೂ ನಿಲ್ಲಬೇಕು. ಕೇಳುವವರಿಲ್ಲದ ಕಥೆಯನ್ನು ಮುಂದೆ ಎಳೆದರೆ ಅದು ದೆವ್ವಗಳ ಪಾಲಾಗುತ್ತದೆಂದು ನನ್ನ ತಾಯಿ ಹೆದರಿಸುತ್ತಿದ್ದಳು.

ನನ್ನ ಗಂಡ ಕರಿಬಸಯ್ಯನವರು ಹ್ಞೂಂ ಅನ್ನುವುದರಲ್ಲಿ ಗಟ್ಟಿಗರು. ನಾನು ಠಾಣೆಯಿಂದ ಬಂದು ಅವತ್ತಿನ ಕಳ್ಳರ ಕಥೆ ಹೇಳುತ್ತಿದ್ದರೆ ನಿದ್ದೆ ಹತ್ತಿದ ಮೇಲೂ ಅವರ ಹ್ಞೂಂ ನಿಲ್ಲುತ್ತಿರಲಿಲ್ಲ. ಅವರು ಹೋದ ಮೇಲೆ ಮಕ್ತಲದ ನನ್ನ ಮನೆಯಲ್ಲಿ ಹ್ಞೂಂ ಅನ್ನುವುದು ಕುಕ್ಕರೊಂದೇ. ಅದೂ ಬೇಳೆ ಇಟ್ಟ ದಿನ ಮಾತ್ರ. ಈ ಒಂಟಿತನಕ್ಕೆ ರೂಢಿಯಾಗಿದ್ದೇನೆ ಎಂದು ಎಲ್ಲರಿಗೂ ಹೇಳುತ್ತೇನೆ. ಸುಳ್ಳು.

ಇರಲಿ. ವಿಷಯವೇನೆಂದರೆ, ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ ಆ ಹುಡುಗಿ ಒಬ್ಬಳೇ ಫೋನಿನ ಮುಂದೆ ಕೂತು ಕಥೆ ಹೇಳಿಕೊಂಡಿದ್ದಳೆಂದು ನಾವು ತಿಳಿದಿದ್ದೆವು. ಅವಳು ಒಬ್ಬಳೇ ಇರಲಿಲ್ಲ. ಕೊನೆಯದಾಗಿ ಅವಳನ್ನು ಕಂಡವರು ಎದುರಿಗೇ ಕೂತು ಹ್ಞೂಂ ಅಂದಿದ್ದರು, ಮತ್ತು ಆ ಮಾತನ್ನು ಯಾರಿಗೂ ಹೇಳಿರಲಿಲ್ಲ.

*

ಶಿಬಿರ ನಡೆಯುತ್ತಿದ್ದುದು ಊರ ಹೊರಗಿನ ಹಳೇ ಜಿನ್ನಿಂಗ್ ಮಿಲ್ಲಿನಲ್ಲಿ. ಹತ್ತಿ ಹಿಂಜುವ ಕಾಲ ಮುಗಿದು ಈಗ ಅಲ್ಲಿ ಮಾತು ಹಿಂಜುತ್ತಾರೆ. ಬಾಗಿಲಿಗೆ "ನನ್ನ ಸರಕು, ನನ್ನ ಕಥೆ" ಎಂಬ ಬ್ಯಾನರು. ಸಣ್ಣ ವಯಸ್ಸಿನಲ್ಲೇ ಸ್ವಂತ ವ್ಯಾಪಾರಕ್ಕೆ ಇಳಿದ ಹುಡುಗ ಹುಡುಗಿಯರಿಗೆ ಕಥೆ ಹೇಳುವುದನ್ನು ಕಲಿಸುವುದು ಇವರ ಉದ್ದೇಶ. ಒಬ್ಬ ಶೇಂಗಾ ಚಿಕ್ಕಿ ಮಾಡುತ್ತಾನೆ, ಒಬ್ಬಳು ನಾರಾಯಣಪೇಟೆ ಸೀರೆಯ ತುಂಡುಗಳಿಂದ ಪರ್ಸು ಹೊಲಿಯುತ್ತಾಳೆ. ವಾಣಿಶ್ರೀ ಅಜ್ಜಿ ನೂತ ಉಣ್ಣೆಯ ಕಂಬಳಿಯಿಂದ ಹೆಗಲ ಚೀಲ ಮಾಡುತ್ತಿದ್ದಳು.

ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿತ್ತು: ಸರಕು ಮಾರಬೇಡಿ, ಕಥೆ ಮಾರಿ. ನಮ್ಮ ಕಾಲದಲ್ಲಿ ಕಥೆ ಮಾರುವವರನ್ನು ನಾವು ಠಾಣೆಗೆ ಕರೆತರುತ್ತಿದ್ದೆವು.

ಶಿಬಿರದ ಮುಖ್ಯಸ್ಥೆ ಪದ್ಮಶ್ರೀ ಬೀಗದಕೈ ಗೊಂಚಲು ಹಿಡಿದು ಬಂದಳು. ಮೂವತ್ತೈದರ ಆಸುಪಾಸು, ಇಸ್ತ್ರಿ ಮಡಿಕೆ ಮುರಿಯದ ಸೀರೆ. ಹಿರಿಯರು ರಾಯಚೂರು ಕಡೆಯ ವ್ಯಾಪಾರಸ್ಥರು, ಈಗ ಹೈದರಾಬಾದಿನಲ್ಲಿ ನೆಲೆಸಿದವರು. ಎಲ್ಲಿ ಕೂರಬೇಕಾದರೂ ಮೊದಲು ಕರ್ಚೀಫಿನಿಂದ ಕುರ್ಚಿ ಒರೆಸುವವಳು. ಅವಳನ್ನು ಕಂಡಕೂಡಲೇ ಆಶಮ್ಮ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ದೊಡ್ಡವರ ಮುಂದೆ ಹಳ್ಳಿಯ ಹೆಂಗಸರ ಸಂಕೋಚ ಎಂದುಕೊಂಡೆ.

"ಏನರ ತಿಳೀತೇನ್ರೀ ಮೇಡಂ?" ಎಂದಳು ಪದ್ಮಶ್ರೀ. "ಹುಡುಗಿ ಯಾವನ ಜೋಡಿನೋ ಓಡಿ ಹೋಗ್ಯಾಳ ಅಂತ ಊರಾಗ ಸುದ್ದಿ ಹಬ್ಬಾಕ ಹತ್ತೈತಿ."

"ಸುದ್ದಿ ಹಬ್ಬಿಸೋರ ಹೆಸರು ಕೊಡ್ರಿ, ಅವರ ಮನೀಗೂ ಹೋಗಿ ಬರ್ತೀನಿ. ಈಗ ಹೇಳ್ರಿ, ಇಲ್ಲಿ ಪಾರಿವಾಳ ಎಲ್ಲಿರತಾವು?"

ರೆಕಾರ್ಡಿಂಗಿನ ಹಿಂದೆ ಉದ್ದಕ್ಕೂ ಪಾರಿವಾಳಗಳ ಗುಟುರು ಕೇಳುತ್ತಿತ್ತು. ಪದ್ಮಶ್ರೀ ಹಿತ್ತಲಿನ ಗೋದಾಮು ತೋರಿಸಿದಳು. ಅದಕ್ಕೆ ಬೀಗವಿರಲಿಲ್ಲ. ಹಿಂದಿನ ಬಾಗಿಲು ನೇರ ಹೊಲದ ದಾರಿಗೆ ತೆರೆಯುತ್ತಿತ್ತು.

ಒಳಗೆ ಧೂಳು, ಹಿಕ್ಕೆ, ಮೇಲೆ ಪಾರಿವಾಳ. ನೆಲದ ಮೇಲೆ ಎರಡು ಗೋಣಿತಟ್ಟು ಎದುರುಬದುರಾಗಿ ಹಾಸಿದ್ದವು. ಒಂದರ ಪಕ್ಕದಲ್ಲಿ ನೀಲಿ ಮಾರ್ಕರ್ ಪೆನ್ನಿನ ಮುಚ್ಚಳ. ಹಿಂಬಾಗಿಲ ಹತ್ತಿರ ಇರುವೆ ಸಾಲು. ಬಗ್ಗಿ ನೋಡಿದರೆ ಅವು ಜೋಳದ ರೊಟ್ಟಿಯ ಚೂರುಗಳನ್ನು ಹೊತ್ತು ಹೊರಟಿದ್ದವು.

"ನಿಮ್ಮಲ್ಲಿ ರೊಟ್ಟಿ ಮಾಡ್ತೀರೇನ್ರಿ?"

"ಇಲ್ರೀ. ಎರಡೂ ಹೊತ್ತು ಅನ್ನ. ಈ ಮೊಗುಲಪ್ಪ ತಂದು ತಿಂತಿರಬೇಕು."

ಮೊಗುಲಪ್ಪ ಶಿಬಿರದ ಕಾವಲುಗಾರ. ಅವನನ್ನು ಕರೆದು ಕೇಳಿದೆ, "ಮೊನ್ನೆ ಮಧ್ಯಾಹ್ನ ನೀ ಎಲ್ಲಿದ್ಯೋ?"

"ಆತ್ರಿ, ಉಂಡೀನ್ರಿ. ತಮ್ದು ಆತ್ರಿ?"

ಗಂಟಲು ಹರಿಯುವಂತೆ ಮತ್ತೊಮ್ಮೆ ಕೇಳಿದೆ. ಗೇಟು ಬಿಟ್ಟು ಕದಲಿಲ್ಲ ಎಂದ. ಇವನ ಕಿವಿಗೆ ಡೊಳ್ಳು ಬಾರಿಸಿದರೂ ಅರ್ಧವೇ ಕೇಳುವುದು. ಪಿಸುಮಾತಿನಂಥ ಆ ಕಥೆಗೆ ಸರಿಯಾದ ಜಾಗದಲ್ಲಿ ಹ್ಞೂಂ ಅನ್ನುವುದು ಇವನಿಂದ ಆಗದ ಕೆಲಸ. ಅವನನ್ನು ಬಿಟ್ಟೆ.

ಅಡುಗೆಯವರು ಆ ಹೊತ್ತಿನಲ್ಲಿ ಎಲ್ಲರ ಕಣ್ಣೆದುರೇ ಬಡಿಸುತ್ತಿದ್ದರು. ಪದ್ಮಶ್ರೀ ಬೆಳಿಗ್ಗೆಯೇ ಗದ್ವಾಲಿಗೆ ಹೋಗಿದ್ದಳು, ಕೊನೆಯ ದಿನದ ಕಾರ್ಯಕ್ರಮದ ಸಭಾಂಗಣ ನೋಡಲು. ಸಭಾಂಗಣದವರೂ ಹೌದೆಂದಿದ್ದರು. ಮಕ್ಕಳೆಲ್ಲ ಊಟದ ಪಂಕ್ತಿಯಲ್ಲಿದ್ದರು. ಮೇಲಾಗಿ ಶಿಬಿರದ ಮಕ್ಕಳು ಕಥೆಗೆ ಹ್ಞೂಂ ಅನ್ನುವಂತೆಯೇ ಇಲ್ಲ. ಕೇಳುವವರು ತುಟಿ ಬಿಗಿದು ಕೂರಬೇಕು, ಕೊನೆಗೆ ಚಪ್ಪಾಳೆಯ ಬದಲು ಎರಡೂ ಕೈ ಎತ್ತಿ ಬೆರಳು ಅಲ್ಲಾಡಿಸಬೇಕು. ಅದು ಇಲ್ಲಿಯ ನಿಯಮ.

ಆ ನಿಯಮ ಮಾಡಿದವನೇ ನೀಲಿ ಮಾರ್ಕರ್ ಹಿಡಿದು ಪಾಠ ಮಾಡುವವನು.

*

ಅಂಜನಕುಮಾರ್ ತರಗತಿಯಲ್ಲಿ ಒಬ್ಬನೇ ಇದ್ದ. ಮೂವತ್ತರೊಳಗಿನ ಹುಡುಗ, ಒಪ್ಪವಾಗಿ ಕತ್ತರಿಸಿದ ಗಡ್ಡ, ಹೈದರಾಬಾದಿನಿಂದ ಬಂದ ತರಬೇತುದಾರ. ಮೊದಲ ದಿನವೇ ನನಗೆ ಹೇಳಿದ್ದ, "ನಾಕು ಕನ್ನಡ ರಾದು ಮೇಡಂ," ಕನ್ನಡ ಬರುವುದಿಲ್ಲ ಎಂದು. ನಾವು ಮಾತಾಡುತ್ತಿದ್ದುದೆಲ್ಲ ತೆಲುಗಿನಲ್ಲೇ.

ಮಾರ್ಕರಿನ ಮುಚ್ಚಳವನ್ನು ಮೇಜಿನ ಮೇಲಿಟ್ಟೆ. ನೋಡಿದ. ಇಂಥವು ಎಲ್ಲ ಕಡೆ ಬಿದ್ದಿರುತ್ತವೆ, ಮಕ್ಕಳು ಒಯ್ಯುತ್ತಾರೆ ಎಂದ. ಸರಿಯಾದ ಮಾತೇ. ಮುಚ್ಚಳ ಹಿಡಿದುಕೊಂಡು ಯಾರನ್ನೂ ಒಳಗೆ ಹಾಕಲಾಗುವುದಿಲ್ಲ.

ವಾಣಿಶ್ರೀ ಹೇಗಿದ್ದಳು ಎಂದು ಕೇಳಿದೆ. ತರಗತಿಯಲ್ಲಿ ಮಾತೇ ಆಡುತ್ತಿರಲಿಲ್ಲ, ತೆಲುಗಿನಲ್ಲಿ ತಡವರಿಸುತ್ತಿದ್ದಳು, ಉಳಿದವರು ನಕ್ಕರೆ ಕೂತುಬಿಡುತ್ತಿದ್ದಳು, ಊಟಕ್ಕೂ ಒಬ್ಬಳೇ ಮೂಲೆಯಲ್ಲಿ ಕೂರುತ್ತಿದ್ದಳು ಎಂದ. ಹಾಗೆ ಹೇಳುವಾಗ ಅವನ ದನಿ ಇಳಿದಿತ್ತು.

ನಾನು ಕುರ್ಚಿ ಎಳೆದುಕೊಂಡು ಕೂತೆ. "ನೀವು ಕಥೆ ಕಲಿಸುವವರು. ನನ್ನದೂ ಒಂದು ಕಥೆ ಕೇಳಿ, ಹೇಗಿದೆ ಹೇಳಿ," ಎಂದೆ ತೆಲುಗಿನಲ್ಲಿ. ಕೇಸು ಬಿಟ್ಟು ಬೇರೆ ಮಾತು ಬಂದದ್ದಕ್ಕೆ ಅವನಿಗೆ ಹಗುರವಾಯಿತು. ಕಾಲು ಚಾಚಿ ಕೂತ.

ಗದ್ವಾಲಿನಲ್ಲಿ ನಾನು ಕೆಲಸದಲ್ಲಿದ್ದಾಗ ಸಾಯಣ್ಣನೆಂಬ ಟಗರು ಕಳ್ಳನಿದ್ದ, ಎಂದು ಶುರುಮಾಡಿದೆ. ಒಮ್ಮೆ ಸಂತೆಯಿಂದ ದೊಡ್ಡದೊಂದು ಟಗರು ಹಾರಿಸಿದ. ಹಿಂದೆ ಜನ ಬೆನ್ನು ಹತ್ತಿದ್ದಾರೆ, ಎದುರಿಗೆ ಮಕ್ತಲಕ್ಕೆ ಹೊರಟ ಬಸ್ಸು ನಿಂತಿದೆ. ಇಲ್ಲಿಯವರೆಗೆ ತೆಲುಗಿನಲ್ಲೇ ಹೇಳಿದೆ. ನಡುವೆ ಉಸಿರು ಎಳೆಯುವಷ್ಟು ಜಾಗ ಬಿಟ್ಟೆ. ಅಂಜನಕುಮಾರ್ ಸುಮ್ಮನೆ ನಗುತ್ತಿದ್ದ.

ಬಸ್ಸು ಹತ್ತಿದ ಮೇಲೆ ನಾನು ಕನ್ನಡಕ್ಕೆ ಇಳಿದೆ. ಸದ್ದಿಲ್ಲದೆ, ಬೇಕೆಂದೇ.

"ಟಗರಿಗಿ ಕಂಬಳಿ ಹೊಚ್ಚಿದ. ಕೊಂಬಿನ ಮ್ಯಾಲ ಸೆರಗು ಹಾಕಿದಂಗ ಒಂದು ಸೀರಿ ಸುತ್ತಿದ. ಕಿಡಕಿ ಬಾಜೂಕ ಕುಂದ್ರಿಸಿ, ಕಂಡಕ್ಟರ್ ಬಂದು ಯಾರಪ್ಪ ಇದು ಅಂದ್ರ, ನಮ್ಮವ್ವ ರೀ, ಮೈಯಾಗ ಆರಾಮಿಲ್ಲ, ಮಾತಾಡಸಬ್ಯಾಡ್ರಿ ಅಂದ."

ಅವನ ಕಣ್ಣು ನನ್ನ ಮುಖದ ಮೇಲೆ ನೆಟ್ಟಿತ್ತು.

"ಕಂಡಕ್ಟರ್ ಪಾಪ, ಹಿರೇ ಜೀವ ಅಂತ ಮುಂದ ಬಗ್ಗಿದ. ನೀರು ಕುಡಿಯವ್ವ ಅಂತ ಬಾಟ್ಲಿ ಹಿಡಿದ..."

ಅಲ್ಲಿ ನಿಲ್ಲಿಸಿದೆ.

"ಹ್ಞೂಂ," ಎಂದ ಅಂಜನಕುಮಾರ್.

ಹೊರಗೆ ಬೇವಿನ ಮರದಲ್ಲಿ ಕಾಗೆಯೊಂದು ಕೂಗುತ್ತಿತ್ತು. ಅವನಿಗೆ ತಾನು ಏನು ಮಾಡಿದೆನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಚಾಚಿದ ಕಾಲು ಒಳಗೆಳೆದುಕೊಂಡ.

"ಯಾವೂರಪ್ಪ ನಿಂದು?" ಎಂದೆ.

"ಹೈದರಾಬಾದ್..."

"ಹುಟ್ಟಿದ್ದು?"

ತಲೆ ತಗ್ಗಿಸಿದ. "ಮಾಗನೂರ್ರಿ. ಕುರುಬರ ಪೈಕಿ. ಮನ್ಯಾಗ ಕರಿಯೋ ಹೆಸರು ಮೈಲಾರಲಿಂಗ."

"ಚಂದ ಐತಿ ಹೆಸರು. ಅದನ್ನ ಯಾಕ ಮುಚ್ಚಿಟ್ಟಿ?"

"ಹಾಸ್ಟೆಲಿನಾಗ ಹುಡುಗರು ನಗ್ತಿದ್ರು. ಭಾಷಾಕ್ಕೂ ನಗ್ತಿದ್ರು. ಒಂದು ಸಲ ಮುಚ್ಚಿಟ್ಟಿದ್ದು ಮತ್ತ ತಗಿಯಾಕ ಬರ್ಲಿಲ್ರಿ."

ನನಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಟ್ಟುಕೊಂಡೆ, ಕೆಲಸಕ್ಕೆ ಬೇಕಿತ್ತು.

"ಗೋದಾಮಿನಾಗ ಆ ಹುಡುಗಿ ಮುಂದ ಕುಂತಾಂವ ನೀನ."

"ಹೌದ್ರಿ. ಆಕಿಗೆ ತೆಲುಗಿನಾಗ ಹೇಳಾಕ ಬರ್ತಿರಲಿಲ್ಲ. ಅಳಾಕ ಹತ್ತಿದ್ಲು. ನಿನ್ನ ಮಾತಿನಾಗ ಹೇಳವ್ವ, ನಾ ಕೇಳ್ತೀನಿ ಅಂದೆ. ಯಾರೂ ಇಲ್ಲದ ಕಡೆ ಅಂತ ಅಲ್ಲಿ ಕುಂತ್ವಿ. ಆಕಿ ಫೋನಿನಾಗ ಹಿಡಿದಿಟ್ಟಳು, ಆಮ್ಯಾಲ ತಿದ್ದಿಕೊಳ್ಳಾಕ." ಅವನು ಕಣ್ಣೊರೆಸಿಕೊಂಡ. "ಹ್ಞೂಂ ಅನ್ನೂದನ್ನ ನಾ ಎಷ್ಟು ವರ್ಷ ಆತ್ರಿ ಮರ್ತು. ತಾನ ಬಂತು. ನಮ್ಮಜ್ಜ ಕುರಿ ದೊಡ್ಡಿ ಮುಂದ ಕುಂತು ಹೇಳ್ತಿದ್ದ ನೋಡ್ರಿ, ಹಂಗ ಹೇಳಿದ್ಲು ಆ ಹುಡುಗಿ."

"ಹುಡುಗಿ ಕಾಣವಲ್ಲಳು ಅಂದಾಗ ಯಾಕ ಹೇಳಲಿಲ್ಲ?"

"ಹೆದರಿಕಿ ಆತ್ರಿ. ಸುಳ್ಳು ಹೆಸರು, ಒಬ್ಬಾಕಿನ್ನ ಗೋದಾಮಿಗಿ ಕರಕೊಂಡು ಹೋಗಿದ್ದು... ಯಾರು ನಂಬತಾರ್ರಿ? ಆದ್ರ ಕಥಿ ಮುಗಿಯೂತನ ನಾ ಇರಲಿಲ್ಲ. ಕುರಿ ಹೊಳಿಗಿ ಇಳೀತು ಅನ್ನೂದ್ರಾಗ ಗದ್ವಾಲಿಂದ ಪದ್ಮಶ್ರೀ ಮೇಡಂ ಫೋನ್ ಬಂತು. ಎದ್ದು ಹ್ವಾದೆ. ಆಮ್ಯಾಲ ಪಂಕ್ತಿಗಿ ಹೋಗಿ ಊಟಕ್ಕ ಕುಂತೆ, ಕೇಳ್ರಿ ಯಾರನ್ನ ಬೇಕಾದ್ರೂ."

"ಮತ್ತ ಹೊಳ್ಳಿ ಗೋದಾಮಿಗಿ ಬರಲಿಲ್ಲ?"

"ಬರಲಿಲ್ರಿ." ಅವನು ಮುಖವೆತ್ತಿ ನೋಡಿದ. "ಹೊಳಿ ದಾಟಿದ ಮ್ಯಾಲ ಆ ತಬ್ಬಲಿ ಮರೀಗಿ ಏನಾತ್ರಿ ಮೇಡಂ?"

ನನ್ನ ಕೈಯಲ್ಲಿದ್ದ ಫೋನು ಭಾರವೆನಿಸಿತು.

ಕುರಿ ಹೊಳೆಗೆ ಇಳಿಯಿತು ಎಂಬಲ್ಲಿ ರೆಕಾರ್ಡಿಂಗಿನಲ್ಲಿ ಒಂದು ಫೋನು ಗುಂಯ್‌ಗುಡುತ್ತದೆ. ಹೆಜ್ಜೆ ಸಪ್ಪಳ. ಆಮೇಲೆ ಬಹಳ ಹೊತ್ತು ಪಾರಿವಾಳಗಳು. ಆಮೇಲೆ ಹುಡುಗಿ "ಎಲ್ಲಿಗಿ ಬಂದಿತ್ತು ಕಥಿ?" ಎನ್ನುತ್ತಾಳೆ, ಮುಂದುವರಿಸುತ್ತಾಳೆ. ಎದ್ದುಹೋದವನೇ ತಿರುಗಿ ಬಂದನೆಂದು ನಾನು ತಿಳಿದಿದ್ದೆ.

ಹೊಳೆ ದಾಟಿದ ಮೇಲೂ ಹ್ಞೂಂ ಇತ್ತು.

ಹೊರಡುವಾಗ ಅಂಜನಕುಮಾರ್ ಹಿಂದಿನಿಂದ ಹೇಳಿದ, "ಇನ್ನೊಂದು ಮಾತ್ರಿ. ಬಾಕಿ ಹುಡುಗರೆಲ್ಲ ಅರ್ಜಿ ಹಾಕಿ ಬಂದಾರ. ವಾಣಿಶ್ರೀನ್ನ ಮಾತ್ರ ಮೇಡಂ ತಾವ ದಾಮರಗಿದ್ದಕ್ಕ ಹೋಗಿ ಕೇಳಿ ಕರಕೊಂಡು ಬಂದ್ರು. ಯಾಕಂತ ನಂಗೊತ್ತಿಲ್ಲ."

*

ವರಾಂಡದಲ್ಲಿ ಆಶಮ್ಮ ಹಾಗೇ ಕೂತಿದ್ದಳು. ಬಿಸಿಲು ಇಳಿಯುತ್ತಿತ್ತು. ಒಳಗಿನ ಕೋಣೆಯಲ್ಲಿ ಮಕ್ಕಳು ಯಾರದೋ ಕಥೆಗೆ ಸದ್ದಿಲ್ಲದೆ ಬೆರಳು ಅಲ್ಲಾಡಿಸುತ್ತಿದ್ದರು. ಅಷ್ಟು ಜನರಿದ್ದೂ ಆ ಕಟ್ಟಡ ಬಣಬಣ ಎನ್ನುತ್ತಿತ್ತು.

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಫೋನು ಹಚ್ಚಲಿಲ್ಲ. ಆ ಹುಡುಗಿಯ ಕಥೆಯನ್ನು ನಾನೇ ಹೇಳಿದೆ.

"ಕರಿ ಕುರಿ ಮರಿ ಸತ್ತಿತ್ತು. ಅದ ಹೊತ್ತಿಗೆ ಇನ್ನೊಂದು ಮರಿ, ತಾಯಿ ಇಲ್ಲದ್ದು, ಒದರಾಕ ಹತ್ತಿತ್ತು. ಕುರುಬ ಏನು ಮಾಡಿದ? ಸತ್ತ ಮರಿ ಚರ್ಮ ಸುಲಿದು ಈ ಮರೀಗಿ ಹೊಚ್ಚಿದ. ಕುರಿ ಮೂಸಿ ನೋಡಿತು, ನಂದ ಮರಿ ಅಂತ ಹಾಲು ಕೊಡ್ತು."

ಕುರಿ ಕಾಯುವವರು ಹಾಗೆ ಮಾಡುವುದುಂಟು. ಎರಡು ಜೀವ ಉಳಿಸುವ ಉಪಾಯ ಅದು.

"ಹ್ಞೂಂ," ಎಂದಳು ಆಶಮ್ಮ, ತನಗರಿವಿಲ್ಲದೆ.

ಬೆಳಿಗ್ಗೆ ನಾನು ಇವಳನ್ನು ಗದರಿದ್ದು ಸುಮ್ಮಸುಮ್ಮನೆ ಅಲ್ಲ. ಹೊಳೆ ದಾಟಿದ ಮೇಲಿನ ಆ ಹ್ಞೂಂ ಇವಳದೇ ಎಂದು ನನ್ನ ಕಿವಿ ಸರಿಯಾಗಿಯೇ ಹೇಳಿತ್ತು. ನಾನೇ ಕೇಳಲಿಲ್ಲ.

"ಒಂದು ದಿನ ಹಿಂಡು ಹೊಳಿ ದಾಟಿತು. ನೀರಿಗಿ ಆ ಚರ್ಮ ಕಳಚಿ ಹೋತು. ಆಚಿ ದಂಡ್ಯಾಗ ಮರಿ ತನ್ನ ಮೈ ತಾ ನೋಡಿಕೊಂಡಿತು. ಕೇಳಿತು: ನಾ ಯಾರ ಮರಿ?"

ನಿಲ್ಲಿಸಿದೆ. ಆಶಮ್ಮ ಹ್ಞೂಂ ಅನ್ನಲಿಲ್ಲ.

ರೆಕಾರ್ಡಿಂಗಿನಲ್ಲೂ ಇಲ್ಲಿ ಹ್ಞೂಂ ಇರಲಿಲ್ಲ. ಬರೀ ಪಾರಿವಾಳ, ಆಮೇಲೆ ಬಂದ್. ಹುಡುಗಿ ಕಥೆಯನ್ನು ಅರ್ಧಕ್ಕೆ ಬಿಟ್ಟಳೆಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ಬಿಟ್ಟಿರಲಿಲ್ಲ. ಎದುರಿಗೆ ಕೂತವಳು ಹ್ಞೂಂ ನಿಲ್ಲಿಸಿದ್ದಳು.

"ರೊಟ್ಟಿ ತಂದಿದ್ದಿ," ಎಂದೆ. "ಹಿಂದಿನ ಬಾಗಲದಿಂದ ಬಂದಿ."

"ಪುಂಡಿ ಪಲ್ಯಾ ಅಂದ್ರ ಆಕಿಗೆ ಜೀವರಿ," ಎಂದಳು ಆಶಮ್ಮ. "ನಾ ಬಂದೆ, ಸರ್ ಎದ್ದು ಹೋಗಿದ್ರು. ಬಾಯಿ ಮ್ಯಾಲ ಬೆರಳಿಟ್ಟು ಸುಮ್ಮ ಕುಂದ್ರು ಅಂತ ಸನ್ನಿ ಮಾಡಿದ್ಲು. ಕುಂತೆ. ನಾನ ಹೇಳಿಕೊಟ್ಟ ಕಥಿ ಅದು. ಆದ್ರ ಹೊಳಿ ನಾ ಹೇಳಿಕೊಟ್ಟಿರಲಿಲ್ರಿ. ಹೊಳಿ ಆಕೀನ ಕಟ್ಟಿದ್ದು."

"ವಾಣಿಶ್ರೀ ಯಾರ ಮಗಳು, ಆಶಮ್ಮ?"

ಅವಳು ನನ್ನ ಕೈ ಹಿಡಿದುಕೊಂಡಳು. ಉಣ್ಣೆ ನೂತು ನೂತು ಒರಟಾದ ಬೆರಳು.

"ಅನುರಾಧಾ ಹಡದ ಕೂಸು ಉಸಿರಾಡಲಿಲ್ರಿ. ಆಕಿಗೆ ಇನ್ನೂ ಎಚ್ಚರ ಇರಲಿಲ್ಲ. ಅದ ರಾತ್ರಿ ನಾರಾಯಣಪ್ಯಾಟಿ ಸಾವುಕಾರ್ರ ಮನ್ಯಾಗ ರಾಯಚೂರ ಕಡಿಯಿಂದ ತಂದಿಟ್ಟ ಮದುವಿ ಆಗದ ಹುಡುಗಿ ಒಂದು ಹಡದಿತ್ತು. ಅವರ ಮನೀಗಿ ಕಂಬಳಿ ಕೊಡಾಕಿ ನಾ. ಕೂಸನ್ನ ಎಲ್ಲಿಗ್ಯಾರ ಒಯ್ಯಿ ಅಂತ ಕತ್ತಲಾಗ ತಂದು ನನ್ನ ಕೈಯಾಗ ಕೊಟ್ರು. ನಾ ಸೊಸಿ ಕೂಸಿನ ಬಟ್ಟಿ ಬಿಚ್ಚಿ ಈ ಕೂಸಿಗಿ ಸುತ್ತಿ ಮಗ್ಗಲಾಗ ಹಾಕಿದೆ. ಕುರಿಗಿ ಮಾಡೂದನ್ನ ಸೊಸಿಗಿ ಮಾಡಿದ್ನಿರಿ ಅಮ್ಮಾರ. ಆಕಿಗೆ ಇವತ್ತಿನತನ ಗೊತ್ತಿಲ್ಲ."

ಇಷ್ಟು ವರ್ಷ ಇದನ್ನು ಎದೆಯಲ್ಲಿಟ್ಟುಕೊಂಡು ಈ ಮುದುಕಿ ಒಬ್ಬಳೇ ಹೇಗೆ ಬದುಕಿದಳೋ.

"ಹುಡುಗಿಗಿ ಹೆಂಗ ತಿಳೀತು?"

"ಕ್ಯಾಂಪಿಗಿ ಕಳಸ್ರಿ ಅಂತ ಆಯಮ್ಮ ನಮ್ಮನಿಗಿ ಬಂದಾಗ ನನ್ನ ಕಾಲು ಹಿಡ್ಕೊಂಡು ಅತ್ತಳು. ಅಷ್ಟು ದೊಡ್ಡಾಕಿ. ಹುಡುಗಿ ಬಾಗಲ ಸಂದ್ಯಾಗಿಂದ ನೋಡಿತ್ತು. ಮೊನ್ನಿ ಆಕಿ ಕೇಳಿದಾಗ ನಂಗ ಹ್ಞೂಂ ಅನ್ನಾಕೂ ಬರಲಿಲ್ಲ, ಇಲ್ಲ ಅನ್ನಾಕೂ ಬರಲಿಲ್ಲ. ಫೋನು ಬಂದ್ ಮಾಡಿ, ಮಲಗೋ ಕ್ವಾಣ್ಯಾಗ ದಿಂಬಿನ ಕೆಳಗ ಇಟ್ಟು ಬಂದ್ಲು. ಗದ್ವಾಲಕ್ಕ ಹೋಗಿ ಆಯಮ್ಮನ್ನ ಕೇಳ್ತೀನಿ ಅಂದ್ಲು. ಸೆರಗು ಹಿಡಿದೆ, ಬಿಡಿಸಿಕೊಂಡ್ಲು. ಸೊಸಿಗಿ ಎಲ್ಲಾ ತಿಳೀತೈತಿ ಅಂತ ನಾ ಬಾಯಿ ಬಿಡಲಿಲ್ರಿ."

"ಯಾವ ಆಯಮ್ಮ?" ಎಂದು ನಾನು ಕೇಳುವ ಅಗತ್ಯವಿರಲಿಲ್ಲ. ಎರಡು ಲೋಟ ಚಹಾ ಹಿಡಿದು ಪದ್ಮಶ್ರೀ ವರಾಂಡದ ಕಂಬದ ಬಳಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಚಹಾದ ಮೇಲೆ ಕೆನೆ ಕಟ್ಟಿತ್ತು.

ಆಶಮ್ಮ ಮೊದಲ ಬಾರಿಗೆ ಸೆರಗು ಸರಿಸಿ ಅವಳನ್ನು ನೇರ ನೋಡಿದಳು.

"ಮುಂದಿನ ಕಥಿ ಈಕಿನ್ನ ಕೇಳ್ರಿ ಅಮ್ಮಾರ. ಗದ್ವಾಲದಾಗ ಏನಾತು, ನನ್ನ ಮೊಮ್ಮಗಳು ಎಲ್ಲಿ ಹ್ವಾದಳು, ಹೇಳಲಿ."

ಪದ್ಮಶ್ರೀ ಲೋಟಗಳನ್ನು ಕೆಳಗಿಟ್ಟಳು. ಕರ್ಚೀಫಿಗೆ ಕೈ ಹೋಗಲಿಲ್ಲ. ಧೂಳು ಮೆತ್ತಿದ ಮೆಟ್ಟಿಲಿನ ಮೇಲೆ ಹಾಗೇ ಕುಸಿದು ಕೂತಳು.

"ಬಂದಿದ್ಲು," ಎಂದಳು. "ಸಭಾಂಗಣದ ಮುಂದ ನಾಲ್ಕು ಮಂದಿ ದೊಡ್ಡವರು ನಿಂತಿದ್ರು. ಅವರ ಮುಂದ ಬಂದು, ನಾ ನಿಮ್ಮ ಮಗಳೇನ್ರಿ ಅಂತ ಕೇಳಿದ್ಲು. ನೀ ಯಾರವ್ವ, ನಂಗ ಗೊತ್ತಿಲ್ಲ ಅಂದೆ." ಮೆಟ್ಟಿಲಿನ ಧೂಳನ್ನು ಬೆರಳಿನಿಂದ ಗೀರಿದಳು. "ಆಕಿ ಮಾರಿ ನೋಡಬೇಕಾಗಿತ್ರಿ. ಹೊಳಿ ಕಡೆ ದಾರಿ ಹಿಡಿದು ನಡೆದ್ಲು. ನಾ ಕರೀಲಿಲ್ಲ."

ಅಲ್ಲಿಗೆ ನಿಂತಳು. ಮುಂದೆ ಇನ್ನೂ ಏನೋ ಇತ್ತು, ಅವಳ ಮುಖದಲ್ಲಿ ಕಾಣುತ್ತಿತ್ತು. ಆದರೆ ನಮ್ಮಿಬ್ಬರಲ್ಲಿ ಯಾರಿಗೂ ಹ್ಞೂಂ ಅನ್ನುವ ಧೈರ್ಯ ಬರಲಿಲ್ಲ. ನನಗೂ ಬರಲಿಲ್ಲ. ಕಥೆ ನಿಂತುಹೋಯಿತು.

"ಹ್ಞೂಂ."

ದನಿ ನಮ್ಮ ಬೆನ್ನ ಹಿಂದಿನಿಂದ ಬಂತು. ತಿರುಗಿ ನೋಡಿದೆವು. ಗೇಟಿನ ಹೊರಗೆ ಆಟೋ ನಿಂತಿತ್ತು. ಮೊಗುಲಪ್ಪನಿಗೆ ಅದರ ಸದ್ದೂ ಕೇಳಿರಲಿಲ್ಲ, ನಮಗೂ ಕೇಳಿರಲಿಲ್ಲ. ಬೇವಿನ ಮರದ ಕೆಳಗೆ, ಬಗಲಿಗೆ ಕಂಬಳಿ ಚೀಲ ಹಾಕಿಕೊಂಡು, ಸಿಮೆಂಟಿನಿಂದ ಒಡೆದ ಕೈಗಳಲ್ಲಿ ಆ ಚೀಲದ ಹಿಡಿಯನ್ನು ಹಿಡಿದುಕೊಂಡು ಅನುರಾಧಾ ನಿಂತಿದ್ದಳು.

ಆಶಮ್ಮ ಸೆರಗನ್ನು ಮತ್ತೆ ಬಾಯಿಗಿಟ್ಟುಕೊಂಡಳು.

"ಹ್ಞೂಂ," ಎಂದಳು ಅನುರಾಧಾ ಇನ್ನೊಮ್ಮೆ, ಪದ್ಮಶ್ರೀಯನ್ನೇ ನೋಡುತ್ತ. "ಹೇಳ್ರಿ ಮುಂದ. ನನ್ನ ಮಗಳು ಹೊಳಿ ಕಡೆ ಹ್ವಾದಳು. ಆಮ್ಯಾಲ?"